ಕಿನು-ಸಾನ್ ಎಳೆಯದ ಗೆರೆಗಳು

ನಾನು ಹುಟ್ಟು ಪುಕ್ಕಲ. ಇದನ್ನು ಮೊದಲಿಗೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಬರೆಯುವುದು ಸುಲಭ. ಟೋಕಿಯೊದ ಒಂದು ಮಂಗಾ, ಅಂದರೆ ಚಿತ್ರಕಥೆಗಳ, ವಾರಪತ್ರಿಕೆಯಲ್ಲಿ ಹನ್ನೊಂದು ವರ್ಷ ಸಂಪಾದಕನಾಗಿದ್ದೆ. ಆಮೇಲೆ ಅದೇ ಸಂಸ್ಥೆಯ ಉಗ್ರಾಣದಲ್ಲಿ, ಮಾರಾಟವಾಗದೆ ವಾಪಸ್ ಬಂದ ಪ್ರತಿಗಳ ನಡುವೆ ಹತ್ತೊಂಬತ್ತು ವರ್ಷ ಕಳೆದು ನಿವೃತ್ತನಾದೆ. ಸಂಪಾದಕ ಎಂದ ಕೂಡಲೇ ಜನ ಕನ್ನಡಕ, ಪೈಪು, ಪುಸ್ತಕದ ಕಪಾಟು ಎಂದೆಲ್ಲ ಊಹಿಸಿಕೊಳ್ಳುತ್ತಾರೆ. ನಾನು ಮಾಡುತ್ತಿದ್ದದ್ದು ಚಿತ್ರಕಾರರ ಮನೆಯ ಹೊಸ್ತಿಲಲ್ಲಿ ಕೂತು, ಇನ್ನೂ ಮಸಿ ಆರದ ಪುಟಗಳನ್ನು ಬೇಡಿ ತರುವ ಕೆಲಸ. ಒಂದು ಕಡೆ ಮುಖ್ಯ ಸಂಪಾದಕ ಕುರಾಹಾಶಿ, ಇನ್ನೊಂದು ಕಡೆ ನಾವು ಸೆನ್ಸೆ, ಅಂದರೆ ಗುರುಗಳು, ಎನ್ನುತ್ತಿದ್ದ ಚಿತ್ರಕಾರ ಮಾಮಿಯಾ, ನಡುವೆ ಅಡಕತ್ತರಿಯಲ್ಲಿ ಸಿಕ್ಕಿಬಿದ್ದ ಅಡಕೆಯ ಹಾಗೆ ನಾನು. ಮಂಗಳವಾರ ಮಧ್ಯಾಹ್ನ ಹನ್ನೆರಡಕ್ಕೆ ಪುಟಗಳು ಮುದ್ರಣಾಲಯ ಸೇರಬೇಕು, ಸೇರದಿದ್ದರೆ ಪತ್ರಿಕೆಯಲ್ಲಿ ತೂತು ಬೀಳುತ್ತದೆ. ಆ ಹನ್ನೊಂದು ವರ್ಷಗಳಲ್ಲಿ ಒಂದು ಮಂಗಳವಾರವೂ ನಾನು ಬೆಳಗಿನ ಗಂಜಿಯನ್ನು ಪೂರ್ತಿ ಉಂಡಿಲ್ಲ.

ಬರೆಯಲು ಹೊರಟಿರುವುದು ನನ್ನ ಬಗ್ಗೆ ಅಲ್ಲ, ಇಸೋನೊ ಕಿನು ಎಂಬ ಹೆಂಗಸಿನ ಬಗ್ಗೆ. ಹೆಸರಿಗೆ ಮರ್ಯಾದೆಯ 'ಸಾನ್' ಸೇರಿಸಿ ನಾವು ಅವರನ್ನು ಕಿನು-ಸಾನ್ ಎನ್ನುತ್ತಿದ್ದೆವು. ಮಾಮಿಯಾ ಸೆನ್ಸೆಯ ಸ್ಟುಡಿಯೋದಲ್ಲಿ ಅವರು ಗೆರೆ ಎಳೆಯುತ್ತಿದ್ದರು. ಪುಟದ ಮೇಲೆ ಮುಖ, ಕೈ, ಕಣ್ಣು ಬರೆಯುವುದು ಸೆನ್ಸೆ. ಸುತ್ತಲಿನ ಮನೆ, ಮರ, ಮಳೆ, ಕತ್ತಲು ಎಲ್ಲ ಸಹಾಯಕರ ಪಾಲು. ಯಾರಾದರೂ ಸಿಟ್ಟಿನಿಂದ ಅಬ್ಬರಿಸಿದಾಗ, ಕತ್ತಿ ಹಿರಿದಾಗ, ನಾಲ್ಕೂ ದಿಕ್ಕಿನಿಂದ ಮುಖದ ಕಡೆಗೆ ನುಗ್ಗಿ ಬರುವ ಗೆರೆಗಳಿರುತ್ತವಲ್ಲ, ಅವು ಕಿನು-ಸಾನ್ ಅವರದು. ಒಂದು ಚೌಕಕ್ಕೆ ಇನ್ನೂರು, ಮುನ್ನೂರು ಗೆರೆ. ಒಂದೊಂದೂ ಹೊರಗೆ ದಪ್ಪ, ಒಳಕ್ಕೆ ಬರುತ್ತ ಬರುತ್ತ ಕೂದಲಿನಷ್ಟು ಸಣ್ಣ, ಎಲ್ಲವೂ ಒಂದೇ ಚುಕ್ಕೆಗೆ ಗುರಿ. ಇಡೀ ಟೋಕಿಯೊದಲ್ಲಿ ಅಂಥ ಗೆರೆ ಎಳೆಯುವವರು ಇನ್ನೊಬ್ಬರಿಲ್ಲ ಎಂದು ಬೇರೆ ಚಿತ್ರಕಾರರೂ ಹೊಟ್ಟೆಕಿಚ್ಚಿನಿಂದಲೇ ಒಪ್ಪುತ್ತಿದ್ದರು.

ಆಗ ಅವರಿಗೆ ನಲವತ್ತೇಳು. ಸೆನ್ಸೆಗಿಂತ ಒಂಬತ್ತು ವರ್ಷ ದೊಡ್ಡವರು. ಹುಟ್ಟಿದ್ದು ಸೆತೊ ಒಳಸಮುದ್ರದ ಒಂದು ದ್ವೀಪದಲ್ಲಿ. ಹದಿನಾರನೇ ವಯಸ್ಸಿಗೆ ಅಲ್ಲಿ ಹಡಗು ಕಟ್ಟುವ ಕಡೆ ನಕ್ಷೆ ಕೋಣೆಗೆ ಸೇರಿ, ಎಂಜಿನಿಯರುಗಳ ಪೆನ್ಸಿಲ್ ನಕ್ಷೆಗಳ ಮೇಲೆ ಪಾರದರ್ಶಕ ಬಟ್ಟೆ ಹಾಸಿ ಮಸಿಯಲ್ಲಿ ನಕಲು ತೆಗೆದವರು. ಮದುವೆಯಾಗಿ ಟೋಕಿಯೊಗೆ ಬಂದರು, ಟ್ರಾಮ್ ಓಡಿಸುತ್ತಿದ್ದ ಗಂಡ ಎದೆಯ ಕಾಯಿಲೆಯಿಂದ ಬೇಗ ತೀರಿಕೊಂಡರು. ಮಂಗಾ ಓದಿದವರೇ ಅಲ್ಲ. ನೆರಿಮಾದಲ್ಲಿ ಅವರು ಬಾಡಿಗೆಗಿದ್ದ ಕೋಣೆಯ ಕೆಳಗೆ ತೋಫು ಅಂಗಡಿ. ನೇರ ಗೆರೆ ಎಳೆಯುವವರು ಬೇಕಂತೆ ಎಂದು ಆ ಅಂಗಡಿಯವನು ಹೇಳಿದ, ಇವರು ಹೋಗಿ ಎಳೆದು ತೋರಿಸಿದರು, ಮಾರನೆಯ ದಿನದಿಂದ ಕೆಲಸ.

ಅವರ ದನಿ ಏರಿದ್ದನ್ನು ನಾನು ಕೇಳಿಲ್ಲ. ಕುಗ್ಗಿದ್ದನ್ನೂ ಕೇಳಿಲ್ಲ. ಆ ವರ್ಷ, ಎಪ್ಪತ್ತಮೂರರಲ್ಲಿ, ಪೆಟ್ರೋಲಿನ ಗಲಾಟೆ ಎದ್ದು, ಅದರ ಬೆನ್ನಿಗೇ ಕಾಗದ ಸಿಗುವುದಿಲ್ಲ ಎಂಬ ಗುಲ್ಲು ಹಬ್ಬಿ, ಕಕ್ಕಸಿನ ಕಾಗದಕ್ಕೂ ಜನ ಬೆಳಿಗ್ಗೆಯಿಂದ ಸಾಲು ನಿಲ್ಲುತ್ತಿದ್ದರು. ಅಂಥ ಒಂದು ಸಾಲಿನಲ್ಲಿ ನಾನು ಕಿನು-ಸಾನ್ ಅವರನ್ನು ಕಂಡೆ. ಅಗಲ ಹೆಗಲಿನ ಒಬ್ಬ ಗಂಡಸು ಅವರ ಮುಂದೆ ನುಗ್ಗಿ ನಿಂತ.

"ನೀವು ನನ್ನ ಹಿಂದೆ ಇದ್ರಿ," ಎಂದರು ಕಿನು-ಸಾನ್.

"ಅದಕ್ಕೀಗ ಏನಂತೆ?"

"ನೀವು ನನ್ನ ಹಿಂದೆ ಇದ್ರಿ."

"ನೋಡಮ್ಮಾ, ನಂಗೆ ಮನೇಲಿ ಆರು ಜನ. ನಿಂದೊಂದು ಹೊಟ್ಟೆ."

"ಆರು ಜನ ಇರಲಿ. ನೀವು ನನ್ನ ಹಿಂದೆ ಇದ್ರಿ."

ಮೂರು ಸಲವೂ ಒಂದೇ ದನಿ, ಗಂಟೆ ಎಷ್ಟು ಎಂದು ಕೇಳಿದರೆ ಹೇಳುವ ಹಾಗೆ. ಆ ಮನುಷ್ಯ ಗೊಣಗುತ್ತ ಹಿಂದಕ್ಕೆ ಹೋದ. ನಾನಾಗಿದ್ದರೆ ಅವನಿಗೆ ಜಾಗ ಬಿಟ್ಟು, ಮೇಲೊಂದು ನಮಸ್ಕಾರವನ್ನೂ ಹಾಕಿರುತ್ತಿದ್ದೆ.

ಕಾಗದದ ಬರ ನಮ್ಮ ಪತ್ರಿಕೆಗೂ ಬಂತು. ನವೆಂಬರಿನ ಒಂದು ಸೋಮವಾರ ಕುರಾಹಾಶಿ ಎಲ್ಲ ಸಂಪಾದಕರನ್ನೂ ನಿಲ್ಲಿಸಿಕೊಂಡು, ಪತ್ರಿಕೆಯ ಪುಟ ಕಡಿಮೆಯಾಗುತ್ತದೆ, ಎರಡು ಧಾರಾವಾಹಿಗಳನ್ನು ನಿಲ್ಲಿಸುತ್ತೇನೆ ಎಂದರು. ಓದುಗರು ಕಳಿಸುವ ಕಾರ್ಡುಗಳ ಮತದಲ್ಲಿ ಕೊನೆಯ ಎರಡು ಸ್ಥಾನ ಯಾರದೋ ಅವರು ಮನೆಗೆ. ಆಗ ನಡೆಯುತ್ತಿದ್ದದ್ದು ಹದಿನೇಳು ಧಾರಾವಾಹಿ. ಮಾಮಿಯಾ ಸೆನ್ಸೆಯದು ಹದಿನಾರನೆಯದು. ಎರಡು ವಾರದಲ್ಲಿ ಮೇಲೇರದಿದ್ದರೆ ಸೆನ್ಸೆ, ಕಿನು-ಸಾನ್, ಉಳಿದ ಮೂವರು ಸಹಾಯಕರು ಎಲ್ಲರೂ ಬೀದಿಗೆ. ಅವರ ಹಿಂದೆಯೇ ನಾನು, ಏಕೆಂದರೆ ನನ್ನ ಕೈಯಲ್ಲಿದ್ದದ್ದು ಅದೊಂದೇ ಧಾರಾವಾಹಿ.

ಸಭೆ ಮುಗಿದ ಮೇಲೆ ಕುರಾಹಾಶಿ ನನ್ನನ್ನು ತಡೆದರು. ಅವರು ಮಾತಾಡುವಾಗ ಕೈಯಲ್ಲಿದ್ದದ್ದನ್ನು ಮೇಜಿಗೆ ಬಡಿಯುತ್ತಿದ್ದರು. ಆವತ್ತು ಬೂದಿಬಟ್ಟಲು.

"ಏನಯ್ಯಾ ಮುರೊಯಿ, ಈ ವಾರ ಆ ದೋಣಿಮನೆ ವಿಧವೆ ಕಥೆ ಎಲ್ಲಿಗೆ ಬರುತ್ತೆ?"

"ಆ ವಿಧವೆ ಓತಾಕಿ ಮನೆ ಬಾಗಿಲಿಗೆ ಡಕಾಯಿತರ ನಾಯಕ ಬರ್ತಾನೆ, ಕುರಾಹಾಶಿ-ಸಾನ್. ದೋಣಿ ಕೇಳ್ತಾನೆ. ಅವಳು ಕೊಡಲ್ಲ ಅಂತಾಳೆ."

"ಹೇಗೆ ಅಂತಾಳೆ?"

"ಒಲೆ ಮುಂದೆ ಕೂತೇ ಅಂತಾಳೆ."

"ಅದಕ್ಕೇ ಹದಿನಾರನೇ ನಂಬರು. ಕೂತು ಮಾತಾಡೋ ಹೆಂಗಸನ್ನ ನೋಡೋಕೆ ಯಾವನಯ್ಯಾ ದುಡ್ಡು ಕೊಡ್ತಾನೆ? ಸಿಡೀಬೇಕು ಅವಳು. ಕಣ್ಣಲ್ಲಿ ಬೆಂಕಿ ಬರಬೇಕು. ಪುಟದ ತುಂಬ ಗೆರೆ ಹಾಕಿಸು. ಆ ಗೆರೆ ಮುದುಕಿ ಇದ್ದಾಳಲ್ಲ, ಅವಳಿಗೆ ಹೇಳು. ಹಾಕಿಸದೆ ತಂದ್ರೆ ಪುಟದ ಜೊತೆ ನೀನೂ ಹೊರಗಡೆ."

ನಾನು ಎಂಟು ಸಲ ತಲೆಬಾಗಿ ಹೊರಬಂದೆ.

ಮಂಗಳವಾರ ಬೆಳಿಗ್ಗೆ ಏಳಕ್ಕೇ ನೆರಿಮಾದಲ್ಲಿದ್ದ ಸೆನ್ಸೆಯ ಸ್ಟುಡಿಯೋ ತಲುಪಿದೆ. ಸೀಮೆಎಣ್ಣೆ ಸಿಗದೆ ಸ್ಟೌವ್ ಆರಿಸಿದ್ದರು, ಎಲ್ಲರೂ ಕೋಟು ತೊಟ್ಟೇ ಕೂತಿದ್ದರು. ಮಾಮಿಯಾ ಸೆನ್ಸೆ ಎರಡು ದಿನದಿಂದ ನಿದ್ದೆ ಮಾಡಿರಲಿಲ್ಲ, ಅವರ ಮುಖ ನೋಡಿದರೇ ನನಗೆ ಬೆವರು. ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದನ್ನು ಎಸೆಯುವ ಮನುಷ್ಯ. ಗೋಡೆಯ ಮೇಲೆ ಹಳೆಯ ಮಸಿಕುಡಿಕೆಗಳ ಕಲೆ ಐದೋ ಆರೋ ಇದ್ದವು. ಕುರಾಹಾಶಿಯ ಮಾತನ್ನು ನಾನು ಹಿಂದಿನ ದಿನವೇ ಫೋನಿನಲ್ಲಿ ಮುಟ್ಟಿಸಿದ್ದೆ, ಬೂದಿಬಟ್ಟಲೊಂದನ್ನು ಬಿಟ್ಟು.

ಹತ್ತೂವರೆಗೆ ಕೊನೆಯ ಪುಟ ಮಾತ್ರ ಉಳಿಯಿತು. ಇಡೀ ಪುಟಕ್ಕೆ ಒಂದೇ ಚಿತ್ರ, ಓತಾಕಿಯ ಮುಖ. ಹೊಸ್ತಿಲ ಆಚೆ ಕತ್ತಿ ಹಿರಿದು ನಿಂತವನಿಗೆ ಅವಳು ಹೇಳುವ ಮಾತು ಪಕ್ಕದಲ್ಲಿ: "ಒಳಗೆ ಬರೋದಾದ್ರೆ ಜೋಡು ಬಿಚ್ಚಿ ಬನ್ನಿ. ದೋಣಿ ಕೊಡಲ್ಲ." ಸೆನ್ಸೆ ಮುಖವನ್ನು ಬರೆದಿದ್ದರು, ಕುರಾಹಾಶಿ ಕೇಳಿದ ಬೆಂಕಿಯನ್ನು ಬರೆದಿರಲಿಲ್ಲ. ಬರೆಯಲು ಕೈ ಬಂದಿಲ್ಲವೋ ಮನಸ್ಸು ಬಂದಿಲ್ಲವೋ. ಆದರೆ ಮುಖದ ಸುತ್ತ ನೀಲಿ ಪೆನ್ಸಿಲಿನಲ್ಲಿ "ಗೆರೆ, ತುಂಬ" ಎಂದು ಗೀಚಿ, ಪುಟವನ್ನು ಕಿನು-ಸಾನ್ ಅವರ ಮೇಜಿನ ಮೇಲಿಟ್ಟರು.

ಕಿನು-ಸಾನ್ ಪುಟವನ್ನು ನೋಡಿದರು. ಪೆನ್ನು ಒರೆಸಿ ಕೆಳಗಿಟ್ಟರು. ಮೊಣಕಾಲು ಮಡಚಿ ಕೂತಿದ್ದವರು ಕೂತ ಹಾಗೆಯೇ ಸೆನ್ಸೆಯ ಕಡೆ ತಿರುಗಿದರು.

"ಸೆನ್ಸೆ, ಇದಕ್ಕೆ ಗೆರೆ ಬೇಡ."

"ಬೇಕು ಅಂತ ಬರ್ದಿದೆಯಲ್ಲ."

"ಓದ್ದೆ. ಹಿಂದಿನ ಪುಟಗಳಲ್ಲಿ ಕಳ್ಳನ ಸುತ್ತ ಗೆರೆ ಇದೆ, ಕತ್ತಿ ಸುತ್ತ ಇದೆ, ಕುದುರೆ ಸುತ್ತಾನೂ ಇದೆ. ಎಲ್ಲ ನಾನೇ ಎಳೆದಿದ್ದು. ಇವಳ ಸುತ್ತಾನೂ ಎಳೆದ್ರೆ ಇವಳೂ ಅವನಷ್ಟೇ ಹೆದರಿಕೊಂಡಿದ್ದಾಳೆ ಅನ್ಸುತ್ತೆ. ಗೆರೆ ಇಲ್ದೇ ಇರೋದು ಇವಳೊಬ್ಬಳೇ ಆಗಬೇಕು."

"ನಾನು ಕೇಳಿದ್ದು ಗೆರೆ. ಪಾಠ ಅಲ್ಲ."

"ಹೌದು. ಈ ಪುಟಕ್ಕೆ ನಾನು ಎಳೆಯಲ್ಲ."

ಮೂವರು ಸಹಾಯಕರು ತಲೆಯನ್ನು ಮೇಜಿನೊಳಗೆ ಹೂತುಕೊಂಡರು. ಸೆನ್ಸೆ ಎದ್ದು ನಿಂತು ಅಬ್ಬರಿಸಿದರು. ಏನೇನು ಅಂದರೋ ಎಲ್ಲ ನೆನಪಿಲ್ಲ. ಯಾರ ಅನ್ನ ತಿಂತೀಯ ಅಂದರು, ನಾಳೆಯಿಂದ ತೋಫು ಮಾರು ಹೋಗು ಅಂದರು, ಹಿರಿಯರೆಂಬ ಮರ್ಯಾದೆ ಹೋಗಿ ಏಕವಚನ ಬಂತು. ಹಿತ್ತಾಳೆಯ ಅಳತೆಪಟ್ಟಿ ಅವರ ಕೈಗೆ ಬಂದದ್ದನ್ನು ಕಂಡು ನಾನು ಬಾಗಿಲ ಕಡೆ ಸರಿದೆ. ಕಿನು-ಸಾನ್ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಅವರು ಮುಗಿಸುವವರೆಗೆ ಕಾದರು.

"ಬೇರೆಯವರ ಹತ್ರ ಎಳೆಸೋದಾದ್ರೆ ಎಳೆಸಿ, ಅಡ್ಡ ಬರಲ್ಲ," ಎಂದರು ಆಮೇಲೆ. "ಪುಟ ನಿಮ್ಮದು. ನನ್ನ ಕೇಳಿದ್ರೆ ಮಾತ್ರ, ಬೇಡ."

ಸೆನ್ಸೆ ಅಳತೆಪಟ್ಟಿಯನ್ನು ಮೇಜಿನ ಮೇಲೆ ಹಾಕಿದರು. ಆಮೇಲೆ ಪುಟವನ್ನು ಎತ್ತಿ ಕಿಟಕಿಯ ಬಳಿ ಹಿಡಿದು ನೋಡಿದರು. ಖಾಲಿ ಬಿಳಿಯ ನಡುವೆ ಆ ಮುಖ. ಕತ್ತಿ ಎದುರಿಗಿದೆ ಎಂಬುದೂ ಅವಳಿಗೆ ಗೊತ್ತು, ತಾನು ಏನು ಹೇಳಬೇಕು ಎಂಬುದೂ ಗೊತ್ತು. ಸೆನ್ಸೆಯ ಭುಜ ಇಳಿಯಿತು. ರಬ್ಬರು ತೆಗೆದುಕೊಂಡು ನೀಲಿ ಅಕ್ಷರಗಳನ್ನು ತಾವೇ ಉಜ್ಜಿ ತೆಗೆದು, "ಹೀಗೇ ಹೋಗ್ಲಿ," ಎಂದು ನನ್ನ ಕಡೆ ನೋಡದೆ ಹೇಳಿ, ಒಳಗೆ ಹೋಗಿ ಮಲಗಿಬಿಟ್ಟರು.

ಓತಾಕಿಯ ಕೂದಲಿಗೆ ತುಂಬಿದ ಕಪ್ಪು ಮಸಿ ಆರಲು ಹತ್ತು ನಿಮಿಷ ಬೇಕಿತ್ತು. ನಾನು ಲಕೋಟೆ ಹಿಡಿದು ಕಿನು-ಸಾನ್ ಅವರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತೆ. ಸಿಟ್ಟು, ಭಯ, ಅಸೂಯೆ ಎಲ್ಲ ಒಟ್ಟಿಗೆ ಇತ್ತು ನನಗೆ.

"ನಿಮಗೆ ಹೆದರಿಕೇನೇ ಆಗಲ್ವಾ, ಕಿನು-ಸಾನ್?"

ಅವರು ತೊಡೆಯ ಮೇಲಿನ ಕೈಗಳನ್ನು ತೋರಿಸಿದರು. ಎರಡೂ ನಡುಗುತ್ತಿದ್ದವು. "ಕಾಲು ಇದಕ್ಕಿಂತ ಜಾಸ್ತಿ. ಅದಕ್ಕೇ ನಾನು ಏಳಲ್ಲ. ಎದ್ರೆ ಬಿದ್ದುಬಿಡ್ತೀನಿ."

ಅವರು ಪುಟದ ಮೇಲೆ ಗಾಳಿ ಬೀಸುತ್ತ ಮುಂದುವರಿಸಿದರು.

"ಹಡಗಿನ ಕೆಲ್ಸದಲ್ಲಿ ಇದ್ದಾಗ ಒಂದು ನಕ್ಷೆ ಬಂತು. ಭಾರ ಎತ್ತೋ ಕ್ರೇನಿನ ತೋಳಿಂದು. ಒಂದು ಮೊಳೆ ಅಳತೆ ತಪ್ಪು ಅಂತ ನೋಡಿದ ಕೂಡ್ಲೇ ಗೊತ್ತಾಯ್ತು. ಹೇಳೋಣ ಅಂತ ಮೇಲಿನವರ ಹತ್ರ ಹೋದೆ. ಅವರು ಯಾರಿಗೋ ಬೈತಾ ಇದ್ರು. ಹೆದರಿಕೊಂಡು ವಾಪಸ್ ಬಂದು, ಇದ್ದ ಹಾಗೇ ನಕಲು ತೆಗೆದುಬಿಟ್ಟೆ. ಆರು ತಿಂಗಳಾದ್ಮೇಲೆ ತೋಳು ಬಿತ್ತು. ಕೆಳಗೆ ಯಾಸುಕೆ ಅಂತ ಒಬ್ರಿದ್ರು, ದಿನಾ ನಮ್ಮ ಕೋಣೆಗೆ ಬಿಸಿನೀರು ತಂದು ಕೊಡ್ತಿದ್ರು."

"ತೀರಿಕೊಂಡ್ರಾ?"

"ಮೂರು ದಿನ ಇದ್ರು." ಅವರು ಪುಟವನ್ನು ಲಕೋಟೆಗೆ ಸೇರಿಸಿ ನನ್ನ ಕೈಗೆ ಕೊಟ್ಟರು. "ಆವತ್ತಿಂದ ಹೆದರಿಕೆ ಏನೂ ಹೋಗಿಲ್ಲ, ಮುರೊಯಿ-ಸಾನ್. ಬಾಯಿ ಮುಚ್ಕೊಂಡಿರೋದು ಬಿಟ್ಟೆ, ಅಷ್ಟೇ. ಹುಷಾರಾಗಿ ಒಯ್ಯಿರಿ."

ಈ ಮಾತು ಕೇಳಿ ನಲವತ್ತು ನಿಮಿಷ ಕಳೆದಿರಲಿಲ್ಲ. ಬಾಡಿಗೆ ಕಾರಿನಲ್ಲಿ ಮುದ್ರಣಾಲಯ ಮುಟ್ಟಿದಾಗ ಹನ್ನೆರಡಕ್ಕೆ ಇಪ್ಪತ್ತೈದು ನಿಮಿಷ ಬಾಕಿ. ದಾರಿಯುದ್ದಕ್ಕೂ ನನ್ನ ಕಿವಿಯಲ್ಲಿ ಬೂದಿಬಟ್ಟಲು ಬಡಿಯುತ್ತಿತ್ತು. ಬಿಳೀ ಪುಟ ನೋಡಿ ಕುರಾಹಾಶಿ ಏನು ಮಾಡಬಹುದು, ಹೆಂಡತಿಗೆ ಏನು ಹೇಳಲಿ, ಮೂವತ್ತೆಂಟರಲ್ಲಿ ನನಗೆ ಯಾರು ಕೆಲಸ ಕೊಡುತ್ತಾರೆ, ಇದೇ ಗಾಣ ತಿರುಗುತ್ತಿತ್ತು. ಮುದ್ರಣಾಲಯದ ಮೂಲೆಯಲ್ಲಿ ಸಣ್ಣಪುಟ್ಟ ಮಸಿ ಕಲೆ ಸರಿಪಡಿಸಲು ಒಬ್ಬ ತಿದ್ದುಗಾರ ಕೂತಿರುತ್ತಿದ್ದ. ನನ್ನ ಕಾಲು ನೇರ ಅವನ ಹತ್ತಿರ ಹೋಯಿತು. ಕಾಲು ಹೋಯಿತು ಎಂದು ಈಗಲೂ ಬರೆಯುತ್ತಿದ್ದೇನೆ ನೋಡಿ. ಹೋದವನು ನಾನು.

"ಇದರ ಸುತ್ತ ಗೆರೆ ಹಾಕಿ. ಬೇಗ. ಸೆನ್ಸೆನೇ ಹೇಳಿದ್ದಾರೆ."

ತಿದ್ದುಗಾರ ಹದಿನೆಂಟು ನಿಮಿಷದಲ್ಲಿ ಹಾಕಿಕೊಟ್ಟ. ಗೆರೆಗಳು ಅಡ್ಡಾದಿಡ್ಡಿ ಇದ್ದವು, ಆದರೆ ತುಂಬ ಇದ್ದವು. ನನ್ನ ಹೊಟ್ಟೆಯ ಕಲ್ಲು ಇಳಿಯಿತು. ಹೊರಗೆ ಬಂದು ನಿಂತುಕೊಂಡೇ ಒಂದು ಬಟ್ಟಲು ಸೋಬಾ ಶಾವಿಗೆ ತಿಂದೆ, ಎಷ್ಟೋ ದಿನದ ಮೇಲೆ ರುಚಿಯಾಗಿತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಪತ್ರಿಕೆ ಹೊರಬಂತು. ಮುಂದಿನ ವಾರ ಓದುಗರ ಕಾರ್ಡುಗಳನ್ನು ಎಣಿಸಿದಾಗ ಮಾಮಿಯಾ ಸೆನ್ಸೆಯ ಧಾರಾವಾಹಿ ಒಂಬತ್ತನೇ ಸ್ಥಾನದಲ್ಲಿತ್ತು. ಗೆರೆಯಿಂದ ಬಂತೋ, ಓತಾಕಿಯ ಮಾತಿನಿಂದ ಬಂತೋ, ಅದನ್ನು ಕಾರ್ಡಿನಲ್ಲಿ ಯಾರೂ ಬರೆಯಲಿಲ್ಲ. ಕುರಾಹಾಶಿ ಮಾತ್ರ ಎಲ್ಲರೆದುರು ನನ್ನ ಬೆನ್ನು ತಟ್ಟಿದರು. "ನೋಡಿದ್ಯಾ, ಗೆರೆ ಅಂದ್ರೆ ಗೆರೆ. ನನ್ನ ಮಾತು ಕೇಳೋನಿಗೆ ಯಾವತ್ತೂ ಮೋಸ ಇಲ್ಲ." ನಾನು ಹಲ್ಲುಕಿರಿದೆ. ಸೆನ್ಸೆಗೆ ಫೋನು ಮಾಡಿ, ಮೇಲಿನವರು ಮುದ್ರಣಾಲಯದಲ್ಲಿ ಹಾಕಿಸಿಬಿಟ್ಟರು, ನನ್ನ ಕೈ ಮೀರಿತ್ತು ಎಂದು ಹೇಳಿದೆ. "ಹೋಗ್ಲಿ ಬಿಡಿ, ಧಾರಾವಾಹಿ ಉಳೀತಲ್ಲ," ಎಂದರು ಸೆನ್ಸೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೂ ಫೋನು ಬಡಿದುಕೊಂಡಾಗಲೆಲ್ಲ ಬೆಚ್ಚಿಬೀಳುತ್ತಿದ್ದೆ, ಕಿನು-ಸಾನ್ ಯಾವತ್ತೂ ಫೋನು ಮಾಡುವವರಲ್ಲ ಎಂದು ಗೊತ್ತಿದ್ದರೂ.

ಫೋನು ಮಾಡಲಿಲ್ಲ, ಅವರೇ ಆಫೀಸಿಗೆ ಬಂದರು. ಸೋಮವಾರ ಮಧ್ಯಾಹ್ನ ಎರಡೂವರೆ ಇರಬೇಕು. ಬೂದು ಕೋಟು, ಕೈಯಲ್ಲಿ ಬಟ್ಟೆಯ ಗಂಟು. ಇಪ್ಪತ್ತು ಮೇಜುಗಳನ್ನು ದಾಟಿ, ಪ್ರತಿ ಮೇಜಿಗೂ ತಲೆ ತಗ್ಗಿಸುತ್ತ ನನ್ನ ಬಳಿ ಬಂದು ಕುರ್ಚಿ ಎಳೆದುಕೊಂಡು ಕೂತರು.

"ಸೆನ್ಸೆಗೆ ಹೇಳಿ ಬಂದಿದ್ದೀನಿ. ಬೇಡ ಅನ್ನಲಿಲ್ಲ. ಆ ಪುಟದ ಮೂಲ ನಿಮ್ಮ ಹತ್ರ ಇದೆಯಲ್ಲ?"

ಮುದ್ರಣ ಮುಗಿದ ಮೇಲೆ ಮೂಲ ಪುಟಗಳು ನನ್ನ ಮೇಜಿನ ಖಾನೆಗೆ ಬರುತ್ತಿದ್ದವು. ಆ ಸಂಚಿಕೆಯ ಕಟ್ಟನ್ನು ನಾನು ಬಿಚ್ಚಿಯೇ ಇರಲಿಲ್ಲ. ಇಲ್ಲ ಎನ್ನಬಹುದಿತ್ತು. ಅವರ ಕಣ್ಣು ನೋಡಿ ನಾಲಿಗೆ ಹೊರಳಲಿಲ್ಲ. ಖಾನೆ ತೆಗೆದು ಪುಟವನ್ನು ಮೇಜಿನ ಮೇಲಿಟ್ಟೆ.

ಆಗ ಕಂಡಿತು. ಇಂಥ ಗೆರೆಗಳೆಲ್ಲ ಒಂದೇ ಚುಕ್ಕೆಗೆ ಸೇರಬೇಕಾದರೆ ಆ ಚುಕ್ಕೆಯಲ್ಲೊಂದು ಪಿನ್ನು ಚುಚ್ಚಿ, ಅಳತೆಪಟ್ಟಿಯನ್ನು ಅದಕ್ಕೆ ಒರಗಿಸಿ ತಿರುಗಿಸುತ್ತ ಎಳೆಯಬೇಕು. ಕಿನು-ಸಾನ್ ಪುಟದ ಮೇಲೆ ದಪ್ಪ ರಟ್ಟಿನ ತುಂಡು ಅಂಟಿಸಿ, ಪಿನ್ನಿನ ಮೊನೆ ಕಾಗದಕ್ಕೆ ತಾಕದ ಹಾಗೆ ಅದಕ್ಕೆ ಚುಚ್ಚುತ್ತಿದ್ದರು. ತಿದ್ದುಗಾರನಿಗೆ ನಾನು ಅಷ್ಟು ಸಮಯ ಕೊಟ್ಟಿರಲಿಲ್ಲ. ಓತಾಕಿಯ ಎರಡು ಹುಬ್ಬುಗಳ ನಡುವೆ ಸರಿಯಾಗಿ ಒಂದು ತೂತು. ಕಾಗದ ಹಿಂದಕ್ಕೆ ಒಡೆದುಕೊಂಡಿತ್ತು.

ಕಿನು-ಸಾನ್ ಆ ತೂತಿನ ಮೇಲೆ ಬೆರಳಿಟ್ಟರು. ತುಂಬ ಹೊತ್ತು ತೆಗೆಯಲಿಲ್ಲ.

"ಯಾರು ಎಳೆದಿದ್ದು, ಮುರೊಯಿ-ಸಾನ್?"

"ಪ್ರೆಸ್ಸಿನವರು. ಮೇಲಿಂದ ಹೇಳಿದ್ರಂತೆ. ನಾನು ಅಲ್ಲಿ ಇರಲಿಲ್ಲ."

"ಹಾಗಾ." ಅವರು ನಂಬಿದರೋ ಇಲ್ಲವೋ, ಇನ್ನೊಂದು ಸಲ ಕೇಳಲಿಲ್ಲ. ಗಂಟು ಬಿಚ್ಚಿದರು. ಒಳಗೆ ಸಣ್ಣ ಕುಂಚ, ಬಿಳಿ ಬಣ್ಣದ ಕುಡಿಕೆ, ಒಂದು ಬ್ಲೇಡು, ತೆಳು ಕಾಗದದ ಚೂರು, ಊಟದ ಡಬ್ಬಿಯ ಮುಚ್ಚಳದಲ್ಲಿ ನಾಲ್ಕು ಅಗುಳು ಅನ್ನ. ಅಗುಳನ್ನು ಬೆರಳಲ್ಲಿ ಅರೆದು ಅಂಟು ಮಾಡಿ, ಪುಟವನ್ನು ಮಗುಚಿ, ತೂತಿನ ಹಿಂದೆ ತೆಳು ಕಾಗದವನ್ನು ಅಂಟಿಸಿ ಉಗುರಿನಿಂದ ನಯವಾಗಿ ತೀಡಿದರು. "ಹೊಸ ವರ್ಷ ಕಳೆದು ಇದು ಪುಸ್ತಕ ಆಗುತ್ತಂತಲ್ಲ. ಅಷ್ಟರಲ್ಲಿ ಪುಟ ಮೊದಲಿನ ಹಾಗೆ ಆಗಬೇಕು. ಒಯ್ದು ಮಾಡಿದ್ರೆ ಮತ್ತೆ ದಾರಿಯಲ್ಲಿ ಗೆರೆ ಹುಟ್ಟಿಕೊಳ್ಳುತ್ತೆ. ಇಲ್ಲೇ ಕೂತು ಮಾಡ್ತೀನಿ."

ಹೀಗೆ ನನ್ನ ಮೇಜಿನ ಮೇಲೆ, ಇಡೀ ಆಫೀಸಿನ ಎದುರಿಗೆ, ಅವರು ಒಂದೊಂದೇ ಗೆರೆಯನ್ನು ಬಿಳಿ ಬಳಿದು ಅಳಿಸತೊಡಗಿದರು. ಕೂದಲಿಗೆ ತಾಗಿದ್ದ ಗೆರೆಗಳನ್ನು ಬ್ಲೇಡಿನಿಂದ ಉಸಿರು ಬಿಗಿಹಿಡಿದು ಕೆರೆದರು. ಅಕ್ಕಪಕ್ಕದ ಸಂಪಾದಕರು ಓರೆಗಣ್ಣಿನಿಂದ ನೋಡುತ್ತಿದ್ದರು. ಕುರಾಹಾಶಿ ಊಟಕ್ಕೆ ಹೋದವರು ಇನ್ನೂ ಬಂದಿರಲಿಲ್ಲ. ನಾನು ಗಡಿಯಾರ ನೋಡುವುದು, ಬಾಗಿಲು ನೋಡುವುದು, ಪುಟ ನೋಡುವುದು. ಬೇಗ ಮುಗಿಸಿ ಎನ್ನಲು ಬಾಯಿ ಬರಲಿಲ್ಲ. ಕುಂಚ ಹಿಡಿದ ಆ ಕೈ ಒಂಚೂರೂ ನಡುಗುತ್ತಿರಲಿಲ್ಲ, ನಡುಗುತ್ತಿದ್ದದ್ದು ಮೇಜಿನ ಕೆಳಗೆ ಅವರ ಮೊಣಕಾಲು. ನನ್ನದಕ್ಕೆ ತಾಗುತ್ತಿತ್ತು.

ಮೂರೂವರೆಗೆ ಕುರಾಹಾಶಿ ಬಂದರು. ಬಂದವರು ನೇರ ನಮ್ಮ ಮೇಜಿನ ಬಳಿ ನಿಂತರು.

"ಏನಿದು?"

"ಅಳಿಸ್ತಾ ಇದ್ದೀನಿ," ಎಂದರು ಕಿನು-ಸಾನ್. "ಪುಸ್ತಕದಲ್ಲಿ ಈ ಪುಟ ಖಾಲಿ ಬರಬೇಕು. ಚಿತ್ರಕಾರರು ಕೊಟ್ಟಿದ್ದು ಹಾಗೆ."

"ತಾಯಿ, ನಿಮ್ಮ ಧಾರಾವಾಹಿ ಹದಿನಾರರಿಂದ ಒಂಬತ್ತಕ್ಕೆ ಬಂದಿದ್ದು ಆ ಗೆರೆಯಿಂದ. ಗೊತ್ತಾ? ಈಗ ನೀವು ಉಣ್ತಾ ಇರೋ ಅನ್ನ ಅದರದ್ದೇ."

"ಇರಬಹುದು. ಆದರೂ ಇದು ಖಾಲಿ ಬರಬೇಕು."

"ಬರಲ್ಲ."

"ಬರಬೇಕು."

ಕುರಾಹಾಶಿ ಕೈಯಲ್ಲಿದ್ದ ಫೈಲನ್ನು ಮೇಜಿಗೆ ಬಡಿದರು. ಬಣ್ಣದ ಕುಡಿಕೆ ಹಾರಿತು, ಕಿನು-ಸಾನ್ ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು. ಬೆರಳಚ್ಚು ಹೊಡೆಯುತ್ತಿದ್ದವರೂ ನಿಲ್ಲಿಸಿದರು. "ಮೂಲ ಪ್ರತಿಯನ್ನ ಹೊರಗಿನವರ ಕೈಗೆ ಕೊಟ್ಟಿದ್ದು ಯಾರು?" ಎಂದು ಕುರಾಹಾಶಿ ಗುಡುಗಿದರು, ಉತ್ತರಕ್ಕಾಗಿ ಅವರು ದಿಟ್ಟಿಸಿದ್ದು ಕಿನು-ಸಾನ್ ಅವರನ್ನು.

"ಅದು ನಾನು ಹೇಳೋ ಮಾತಲ್ಲ," ಎಂದರು ಕಿನು-ಸಾನ್. ನನ್ನ ಕಡೆ ನೋಡಲಿಲ್ಲ. ಕುಂಚವನ್ನು ಅದ್ದಿ ಮುಂದಿನ ಗೆರೆಗೆ ಹೋದರು.

ನೋಡಿಬಿಟ್ಟಿದ್ದರೆ ಒಳ್ಳೆಯದಿತ್ತು. ನೋಡಿದ್ದರೆ ಸಿಕ್ಕಿಹಾಕಿಸಿದರು ಎಂದು ಅವರ ಮೇಲೆ ಸಿಟ್ಟಾಗಬಹುದಿತ್ತು. ಅವರು ನೋಡಲೇ ಇಲ್ಲ. ಎದುರಿಗೆ ಆ ಪುಟ, ಹುಬ್ಬಿನ ನಡುವೆ ಅನ್ನದ ಅಂಟಿನಿಂದ ಮುಚ್ಚಿದ ಗಾಯ. ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ನನಗೆ ಧೈರ್ಯ ಎಂಬುದು ಎಳ್ಳಷ್ಟೂ ಬರಲಿಲ್ಲ. ಮೇಜು ಹಿಡಿದುಕೊಂಡು ಎದ್ದೆ.

"ನಾನು ಕೊಟ್ಟೆ, ಕುರಾಹಾಶಿ-ಸಾನ್."

"ನೀನಾ?"

"ಗೆರೆ ಹಾಕಿಸಿದ್ದೂ ನಾನೇ. ಸೆನ್ಸೆ ಬೇಡ ಅಂದಿದ್ರು. ಸೆನ್ಸೆನೇ ಹೇಳಿದ್ದಾರೆ ಅಂತ ಪ್ರೆಸ್ಸಲ್ಲಿ ಸುಳ್ಳು ಹೇಳ್ದೆ. ಮೇಲಿನವರು ಹಾಕಿಸಿದ್ರು ಅಂತ ಸೆನ್ಸೆಗೆ ಸುಳ್ಳು ಹೇಳ್ದೆ. ಈಗ ಇವರಿಗೂ ಹೇಳ್ದೆ. ತಪ್ಪೆಲ್ಲ ನಂದು. ಪುಸ್ತಕದಲ್ಲಿ ಈ ಪುಟ ಖಾಲಿ ಬರಬೇಕು."

ದನಿ ಕೀಚಲಾಗಿತ್ತು, ನಾನೇ ಕೇಳಿಸಿಕೊಂಡೆ. ಆದರೆ ಕಿರುಚಲಿಲ್ಲ, ತಲೆಯನ್ನೂ ಬಾಗಿಸಲಿಲ್ಲ. ಕುರಾಹಾಶಿಯ ಕುತ್ತಿಗೆಯ ನರ ಉಬ್ಬಿತು. ನಾಳೆಯಿಂದ ಈ ಮೇಜು ನಿನ್ನದಲ್ಲ ಎಂದರು, ಉಗ್ರಾಣದಲ್ಲಿ ಇಲಿಗಳಿಗೆ ಮಂಗಾ ಓದಿಸು ಹೋಗು ಎಂದರು. ಇನ್ನೂ ಏನೇನೋ. ಅವರು ಮುಗಿಸುವವರೆಗೆ ಕಾದೆ. ಮುಗಿದ ಮೇಲೆ, "ಆಗಲಿ. ಪುಟ ಮಾತ್ರ ಖಾಲಿ ಬರಬೇಕು," ಎಂದೆ. ಕುರಾಹಾಶಿ ತಮ್ಮ ಮೇಜಿಗೆ ಹೋಗಿ ಕುರ್ಚಿಯಲ್ಲಿ ಕುಸಿದು ಕೂತು, ಅಲ್ಲಿಂದಲೇ ನನ್ನನ್ನು ದುರುಗುಟ್ಟತೊಡಗಿದರು.

ಕಿನು-ಸಾನ್ ತಲೆಯೆತ್ತಲಿಲ್ಲ. ಶಹಬ್ಬಾಸ್ ಎನ್ನಲಿಲ್ಲ, ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ.

"ಮುರೊಯಿ-ಸಾನ್, ಇನ್ನೂ ನಲವತ್ತು ಗೆರೆ ಇದೆ. ಬೆಳಕು ಸಾಲಲ್ಲ," ಎಂದರು. "ಆ ಕಿಟಕಿ ಪರದೆ ಸ್ವಲ್ಪ ಸರಿಸ್ತೀರಾ?"

ಕಿಟಕಿ ಇದ್ದದ್ದು ಕುರಾಹಾಶಿಯ ಕುರ್ಚಿಯ ಹಿಂದೆ. ನಾನು ನಡೆದುಕೊಂಡು ಹೋಗಿ, ಒಂದು ಗಳಿಗೆ ಅಲ್ಲಿ ನಿಂತು, "ಸ್ವಲ್ಪ ಜರುಗ್ತೀರಾ?" ಎಂದು ಕೇಳಿದೆ.